ಒದ್ದೆ ಕಾಡಿನಲ್ಲಿ ಎರಡು ಬೆಂಕಿಕಡ್ಡಿ

ಬಡಗಿ ಹತ್ತರಿ ಹೊಡೆಯುವಾಗ ಸುರುಳಿ ಸುರುಳಿಯಾಗಿ ಬೀಳುವ ಮರದ ಸಿಪ್ಪೆಯನ್ನು ನಾವೆಲ್ಲ ನೋಡಿದ್ದೇವೆ. ಒಲೆ ಹೊತ್ತಿಸಲು ಅದು ಹೇಳಿ ಮಾಡಿಸಿದ ವಸ್ತು. ಆ ಸುರುಳಿಗಳು ಕಳಚಿ ಬೀಳದೆ ಒಂದು ತುದಿಯಲ್ಲಿ ಕಟ್ಟಿಗೆಗೇ ಅಂಟಿಕೊಂಡು ಉಳಿದರೆ? ಉತ್ತರ ಅಮೆರಿಕ, ಸ್ಕ್ಯಾಂಡಿನೇವಿಯಾಗಳ ಚಳಿನಾಡಿನ ಅರಣ್ಯಗಳಲ್ಲಿ ಓಡಾಡುವವರು ಚಾಕುವಿನಿಂದ ಮಾಡಿಕೊಳ್ಳುವ ‘ಫೆದರ್ ಸ್ಟಿಕ್’ ಇದೇ. ಹಕ್ಕಿ ಗರಿ ಕೆದರಿದಂತೆ ಕಾಣುವುದರಿಂದ ಆ ಹೆಸರು. ನಾವು ಗರಿಕಡ್ಡಿ ಎನ್ನೋಣ.

ಇದನ್ನು ಆದಿಮಾನವನ ವಿದ್ಯೆ ಎಂದು ಭಾವಿಸುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಚಕಮಕಿ ಕಲ್ಲಿನ ಕಿಡಿ ಮರದ ಸುರುಳಿಯನ್ನು ಹೊತ್ತಿಸಲಾರದು. ಅದಕ್ಕೆ ಕರಕಲು ಬಟ್ಟೆಯೋ ಒಣಗಿಸಿ ಹದಮಾಡಿದ ಮರದ ಅಣಬೆಯೋ ಬೇಕು. ಅಲ್ಲಿ ಹುಟ್ಟಿದ ಕೆಂಡವನ್ನು ಒಣಹುಲ್ಲಿನಲ್ಲಿಟ್ಟು ಊದಬೇಕು. ಗರಿಕಡ್ಡಿ ಕೇಳುವುದು ಸಿದ್ಧ ಜ್ವಾಲೆಯನ್ನು. ಆ ಜ್ವಾಲೆ ಮನುಷ್ಯನ ಜೇಬಿಗೆ ಬಂದದ್ದು 1827ರ ನಂತರ. ಇಂಗ್ಲೆಂಡಿನ ಸ್ಟಾಕ್‌ಟನ್ನಿನ ಔಷಧ ವ್ಯಾಪಾರಿ ಜಾನ್ ವಾಕರ್ ಆ ವರ್ಷ ಗೀರಿದರೆ ಉರಿಯುವ ಕಡ್ಡಿಗಳನ್ನು ಮಾರತೊಡಗಿದ. 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಸುರಕ್ಷಿತ ಬೆಂಕಿಕಡ್ಡಿಗೆ ಪೇಟೆಂಟ್ ಪಡೆದ. ಆದರೆ ಕಡ್ಡಿಯ ಆಯುಸ್ಸು ಕೆಲವೇ ಸೆಕೆಂಡು. ಅಷ್ಟರೊಳಗೆ ಬೆಂಕಿಯನ್ನು ಕಟ್ಟಿಗೆಗೆ ದಾಟಿಸುವ ಉಪಾಯವಾಗಿಯೇ ಗರಿಕಡ್ಡಿಗೆ ಬೆಲೆ ಬಂತೆಂದು ನನ್ನ ಎಣಿಕೆ.

ಮರವನ್ನು ಹೀಗೆ ಕೆತ್ತುವ ಕೈಚಳಕ ಮಾತ್ರ ಬೇರೆಡೆಯೂ ಇತ್ತು. ಜಪಾನಿನ ಉತ್ತರದ ಐನು ಜನ ವಿಲೋ ಮರದ ಕೋಲಿನ ಮೇಲೆ ಸುರುಳಿಗಳನ್ನು ಉಳಿಸಿ ಕೆತ್ತಿ, ‘ಇನಾವು’ ಎಂಬ ಹೆಸರಿನಿಂದ ದೇವತೆಗಳಿಗೆ ಅರ್ಪಿಸುತ್ತಾರೆ. ಅದು ಪೂಜೆಗೆ, ಒಲೆಗಲ್ಲ. ನೋಟಕ್ಕೆ ಮಾತ್ರ ಎರಡೂ ಅವಳಿ ಮಕ್ಕಳು.

ಮರ ಉರಿಯುತ್ತದೆ ಎನ್ನುತ್ತೇವೆ. ನಿಜವಾಗಿ ಜ್ವಾಲೆಯಾಗುವುದು ಕಾದ ಮರದಿಂದ ಹೊರಡುವ ಅನಿಲ. ಅದಕ್ಕೆ ಮರದ ಮೈ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಒದ್ದೆ ಕಟ್ಟಿಗೆಗೆ ಕೊಟ್ಟ ಶಾಖವೆಲ್ಲ ಮೊದಲು ನೀರಿನ ಪಾಲು: ಕುದಿಯುವ ನೀರು ಆವಿಯಾಗಲು ಗ್ರಾಂ ಒಂದಕ್ಕೆ 540 ಕ್ಯಾಲೊರಿ. ಆದರೆ ನಿಂತಲ್ಲೇ ಸತ್ತು ಒಣಗಿದ ಮರ ಮಳೆಯಲ್ಲಿ ನೆನೆಯುವುದು ಹೊರಗಷ್ಟೇ. ಸೀಳಿದರೆ ತಿರುಳು ಒಣಗಿಯೇ ಇರುತ್ತದೆ. ಆ ತಿರುಳನ್ನು ತೆಳ್ಳಗೆ ಎಬ್ಬಿಸಿದರೆ ತೂಕ ಕಡಿಮೆ, ಗಾಳಿ ತಾಗುವ ಮೈ ಹೆಚ್ಚು. ಒಂದು ಕಡ್ಡಿಯ ಶಾಖವೇ ಸಾಕು. ಸುರುಳಿ ಉರಿದು ಮುಗಿಯುವಷ್ಟರಲ್ಲಿ ದಪ್ಪ ಸುರುಳಿಗೆ, ಅಲ್ಲಿಂದ ಕಟ್ಟಿಗೆಗೆ ಬೆಂಕಿ ಮೆಟ್ಟಿಲೇರುತ್ತದೆ.

1908ನೇ ಇಸವಿ ಈ ಕತೆಯಲ್ಲಿ ಸ್ವಾರಸ್ಯದ್ದು. ಬೇಡನ್ ಪೊವೆಲ್ ಬಾಲಕರಿಗಾಗಿ ಬರೆದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಆ ವರ್ಷ ಪ್ರಕಟವಾಯಿತು. ಎರಡನೇ ದರ್ಜೆಯ ಸ್ಕೌಟ್ ಆಗಬೇಕಾದರೆ ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಬಳಸದೆ ಬೆಂಕಿ ಹೊತ್ತಿಸಬೇಕು ಎಂಬುದು ಪರೀಕ್ಷೆಗಳಲ್ಲೊಂದು. (ಚಿತ್ರೀಕರಣದಲ್ಲಾದರೆ ಕಡ್ಡಿ ನಂದಿದಾಗ ಇನ್ನೊಂದು ಟೇಕ್ ಎನ್ನಬಹುದು!) ಅದೇ ವರ್ಷ ಜಾಕ್ ಲಂಡನ್ ‘ಟು ಬಿಲ್ಡ್ ಎ ಫೈರ್’ ಕತೆಯ ಪ್ರಸಿದ್ಧ ರೂಪವನ್ನು ಪ್ರಕಟಿಸಿದ. ಕೆನಡಾದ ಯೂಕಾನ್ ಚಳಿಯಲ್ಲಿ ಅವನ ಕಥಾನಾಯಕನ ಬೆಂಕಿಯ ಮೇಲೆ ಮರದ ಹಿಮ ಸುರಿದು ನಂದಿಹೋಗುತ್ತದೆ. ಮರಗಟ್ಟಿದ ಕೈಗಳಲ್ಲಿ 70 ಕಡ್ಡಿಗಳೂ ಒಟ್ಟಿಗೆ ಉರಿದುಹೋಗುತ್ತವೆ. ಚಾಕುವನ್ನು ಹಿಡಿಯಲೂ ಬೆರಳುಗಳಿಗೆ ಆಗುವುದಿಲ್ಲ. ಆತ ಸಾಯುತ್ತಾನೆ.

ಭಾರತದ ಮೊದಲ ಸ್ಕೌಟ್ ದಳ ಮರುವರ್ಷ, 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ ಆರಂಭವಾಯಿತು. ಆಗ ಭಾರತೀಯ ಹುಡುಗರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದು ಬೇರೆಯೇ ಅಧ್ಯಾಯ.

ಗರಿಕಡ್ಡಿಯನ್ನು ಮನೆಯಂಗಳದಲ್ಲಿ, ಬೆರಳು ಬೆಚ್ಚಗಿರುವಾಗಲೇ ಕಲಿಯಬೇಕು ಎನ್ನುವುದು ಇದಕ್ಕೇ. ಹೆಬ್ಬೆರಳ ದಪ್ಪದ, ಗಂಟಿಲ್ಲದ, ನೇರ ಎಳೆಯ ಮೆದು ಮರ ಆರಿಸಿ. ಅದರ ಬುಡವನ್ನು ಗಟ್ಟಿ ದಿಮ್ಮಿಯ ಮೇಲೆ ಊರಿ, ಚಾಕುವಿನ ಅಲಗನ್ನು ಬಹುತೇಕ ಮಲಗಿಸಿ, ಮೈಯಿಂದ ಆಚೆಗೆ, ಉದ್ದಕ್ಕೆ ಒಂದೇ ಎಳೆತ ಎಳೆಯಿರಿ. ಬುಡಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ. ಸುರುಳಿ ಕಡಿದು ಬಿದ್ದರೆ ಅಲಗು ಹೆಚ್ಚು ಎದ್ದಿದೆ ಎಂದರ್ಥ. ಒಂದು ಎಳೆತ ಉಳಿಸಿದ ಏಣನ್ನೇ ಮುಂದಿನ ಎಳೆತ ಸವರಬೇಕು. ಅದಕ್ಕಾಗಿ ಕೋಲನ್ನು ತುಸು ತುಸುವೇ ತಿರುಗಿಸುತ್ತ ಹೋಗಬೇಕು. ಮೊದಲ ಹತ್ತು ಹದಿನೈದು ಕೋಲು ಒಲೆಗೇ ಸರಿ! ಕೆನಡಾದ ಮೋರ್ಸ್ ಕೊಚಾನ್‌ಸ್ಕಿಯ 1987ರ ‘ನಾರ್ದರ್ನ್ ಬುಷ್‌ಕ್ರಾಫ್ಟ್’ ಪುಸ್ತಕ ಇಂಥ ಚಾಕುಕೆಲಸವನ್ನು ಹೊಸ ತಲೆಮಾರಿಗೆ ದಾಟಿಸಿತು.

ಈಚೆಗೆ ಹವ್ಯಾಸಿಗಳು ಬೆಂಕಿಕಡ್ಡಿಯನ್ನೂ ಬಿಟ್ಟಿದ್ದಾರೆ. ಆಸ್ಟ್ರಿಯದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಪಡೆದ, ಸಿಗರೇಟ್ ಲೈಟರುಗಳಲ್ಲಿ ಬಳಕೆಗೆ ಬಂದ ಲೋಹಮಿಶ್ರಣದ ಸರಳೊಂದನ್ನು ಗೀರುತ್ತಾರೆ. ಅದರ ಕಿಡಿ ಹಳೆಯ ಚಕಮಕಿಯದಕ್ಕಿಂತ ಬಹಳ ಬಿಸಿ. ಗರಿ ಕಾಗದಕ್ಕಿಂತ ತೆಳುವಾಗಿದ್ದರೆ ನೇರವಾಗಿ ಹೊತ್ತಿಕೊಳ್ಳುತ್ತದೆ. ದಪ್ಪವಿದ್ದರೆ ಎಷ್ಟು ಗೀರಿದರೂ ಕಪ್ಪು ಚುಕ್ಕೆಗಳಷ್ಟೇ ಉಳಿಯುತ್ತವೆ.