ಸೂಕ್ಷ್ಮಸ್ಥಿತಿ ಮತ್ತು ಸ್ಥೂಲಸ್ಥಿತಿ

ಸಾಂಖ್ಯಿಕ ಭೌತವಿಜ್ಞಾನದ ಜೋಡಿ ಪರಿಕಲ್ಪನೆಗಳು. ಒಂದು ವ್ಯೂಹದ ಪ್ರತಿ ಕಣದ ಸ್ಥಾನ, ವೇಗಗಳನ್ನು ಬಿಡದೆ ಹೇಳುವ ವಿವರ ಸೂಕ್ಷ್ಮಸ್ಥಿತಿ. ಒತ್ತಡ, ಉಷ್ಣತೆ, ಗಾತ್ರಗಳಂಥ ಕೆಲವೇ ಅಳತೆಗಳಲ್ಲಿ ಹೇಳುವುದು ಸ್ಥೂಲಸ್ಥಿತಿ. ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮಾಪಕಗಳು ತೋರಿಸುವುದು ಹಬೆಯ ಸ್ಥೂಲಸ್ಥಿತಿಯನ್ನಷ್ಟೇ. ಒಂದೊಂದು ಅಣುವಿನ ಲೆಕ್ಕ ಅಲ್ಲಿ ಯಾರಿಗೂ ಬೇಕಿಲ್ಲ.

ಚೌಕಾಬಾರದ ನಾಲ್ಕು ಕವಡೆಗಳು 16 ಬಗೆಯಲ್ಲಿ ಬೀಳಬಲ್ಲವು. ಇವು ಸೂಕ್ಷ್ಮಸ್ಥಿತಿಗಳು. ಆಟಗಾರರು ಎಣಿಸುವುದು ಬಾಯಿ ಮೇಲಾದ ಕವಡೆಗಳನ್ನು ಮಾತ್ರ. ಹಾಗಾಗಿ ಸ್ಥೂಲಸ್ಥಿತಿಗಳು ಐದೇ. ನಾಲ್ಕೂ ಮೇಲಾಗಲು ಅಥವಾ ನಾಲ್ಕೂ ಕವುಚಲು ಒಂದೊಂದೇ ದಾರಿ; ಒಂದು ಬೀಳಲು ನಾಲ್ಕು, ಮೂರಕ್ಕೂ ನಾಲ್ಕು, ಎರಡಕ್ಕೆ ಆರು. (ಕವಡೆಯ ಬೆನ್ನು ಉಬ್ಬಿರುವುದರಿಂದ ನಿಜದ ಆಟದಲ್ಲಿ ಈ 16 ಬಗೆಗಳು ಸಮಸಂಭವವಲ್ಲ. ಹೊರಗಿನ ಸಂಪರ್ಕವಿಲ್ಲದೆ ಸಮತೋಲದಲ್ಲಿರುವ ವ್ಯೂಹದ ಸೂಕ್ಷ್ಮಸ್ಥಿತಿಗಳನ್ನು ಸಿದ್ಧಾಂತ ಸಮಸಂಭವವೆಂದೇ ಎಣಿಸುತ್ತದೆ.) ಕಣಗಳ ಸಂಖ್ಯೆ ಬೆಳೆದಂತೆ ನಡುವಿನ ಸ್ಥೂಲಸ್ಥಿತಿಗಳ ಪಾಲು ಅಗಾಧವಾಗುತ್ತದೆ. ಅನಿಲ ತಾನಾಗಿ ಪಾತ್ರೆಯ ಒಂದು ಮೂಲೆಗೆ ಸೇರದಿರುವುದು ಇದರಿಂದಲೇ.

ವ್ಯೂಹದ ಅವ್ಯವಸ್ಥೆಯ ಅಳತೆ ಎನ್ನಲಾಗುವ ಎಂಟ್ರೊಪಿಯನ್ನು ಸೂಕ್ಷ್ಮಸ್ಥಿತಿಗಳ ಎಣಿಕೆಗೆ 1877ರಲ್ಲಿ ಜೋಡಿಸಿದವರು ಲುಡ್ವಿಗ್ ಬೋಲ್ಟ್ಸ್‌ಮನ್. ಎಣಿಕೆಯ ಕ್ರಮವನ್ನೇ ಬದಲಿಸಿದ್ದು ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಅವರ 1924ರ ಪ್ರಬಂಧ: ಒಂದೇ ತೆರನಾದ ಬೆಳಕಿನ ಕಣಗಳನ್ನು ಅದಲುಬದಲು ಮಾಡಿದರೆ ಹೊಸ ಸೂಕ್ಷ್ಮಸ್ಥಿತಿ ಹುಟ್ಟುವುದಿಲ್ಲ.