ಬೀಗ ಹಾಕಿದ ಕೋಣೆ: ದೆವ್ವದ ಮನೆ ಕಂಪ್ಯೂಟರಿಗೆ ಬಂದ ಕಥೆ



ಊರಿಗೊಂದು ಗುಡಿ ಇರುವಂತೆ ಊರಿಗೊಂದು ಹಾಳುಮನೆಯೂ ಇರುತ್ತದೆ. ಹಗಲಲ್ಲಿ ಮಕ್ಕಳು ಅಲ್ಲಿ ಚಿಣ್ಣಿದಾಂಡು ಆಡುತ್ತಾರೆ, ಹೊತ್ತು ಮುಳುಗಿದರೆ ದೊಡ್ಡವರೂ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಾರೆ. ಈ ಸಂಚಿಕೆಯ ಇತಿಹಾಸ ಪುಟದಲ್ಲಿ ಅಂಥ ಮನೆಯದೇ ಮಾತು. ಈ ಮನೆ ಊರ ಹೊರಗಿನದಲ್ಲ, ಕಂಪ್ಯೂಟರಿನ ಒಳಗಿನದು.

ಇದಕ್ಕೆ ಕಾರಣ ಜೀಡಿಮೆಟ್ಲಾದ ಶಾಪೂರನಗರದಿಂದ ಬಂದ ಒಂದು ಪತ್ರ. ಬರೆದವರು ಬೀದರ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. "ನಮ್ಮ ಹುಡುಗ ರಾತ್ರಿ ದೀಪ ಆರಿಸಿ ದೆವ್ವದ ಮನಿ ಆಟ ಆಡ್ಕೋತ ಕೂಡ್ತಾನ್ರೀ. ಒಂದು ಬಾಗಿಲ ತೆಗಿಲಿಕ್ಕೆ ಎರಡು ತಾಸು. ಈ ಹುಚ್ಚಿಗೆ ಏನರ ತಳಬುಡ ಅದ ಏನು?" ಎಂದು ಕೇಳಿದ್ದಾರೆ. ತಳಬುಡ ಇದೆ, ಅಪ್ಪಾರೇ. ಹುಡುಕುತ್ತ ಹೋದರೆ ಅದು ನಿಮ್ಮ ಊರಿನ ವಾಡೆಯ ಬುಡಕ್ಕೇ ಹೋಗಿ ನಿಲ್ಲುತ್ತದೆ.

ಎಪ್ಪತ್ತು ಚಿತ್ರಗಳ ಮನೆ

ಮೊದಲು ಆಟದ ಕಥೆ. 1970ರ ದಶಕದ ಕೊನೆಯಲ್ಲಿ ಕಂಪ್ಯೂಟರಿನ ಸಾಹಸದ ಆಟಗಳಲ್ಲಿ ಚಿತ್ರವೇ ಇರಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು: ನೀವು ಇಂಥ ಕಡೆ ಇದ್ದೀರಿ, ಉತ್ತರಕ್ಕೆ ದಾರಿ ಇದೆ. ಆಡುವವರು "ಬಾಗಿಲು ತೆಗೆ" ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ನಮ್ಮ ಬಾನುಲಿ ನಾಟಕವಿದ್ದ ಹಾಗೆ, ನೋಡುವುದೆಲ್ಲ ಮನಸ್ಸಿನಲ್ಲೇ.

1980ರಲ್ಲಿ ಅಮೆರಿಕದ ರೊಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ ಇದಕ್ಕೆ ಚಿತ್ರ ಸೇರಿಸಿದರು. ಪತಿ ಕೆನ್ ಪ್ರೋಗ್ರಾಂ ಬರೆದರು, ಈಕೆ ಕಥೆ ಕಟ್ಟಿ ಸುಮಾರು ಎಪ್ಪತ್ತು ಗೆರೆಚಿತ್ರ ಬರೆದರು. ಆಪಲ್ ಟು ಕಂಪ್ಯೂಟರಿಗಾಗಿ ಬಂದ ಆ ಆಟದ ಹೆಸರು ‘ಮಿಸ್ಟರಿ ಹೌಸ್’. ಒಂದು ಹಳೆಯ ಮನೆ, ಒಳಗೆ ಕೆಲವು ಜನ, ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊಂದವರು ಯಾರೆಂದು ನೀವು ಪತ್ತೆ ಮಾಡಬೇಕು. ಅಗಾಥಾ ಕ್ರಿಸ್ಟಿಯ ಕಾದಂಬರಿಯ ಪ್ರೇರಣೆ ಎದ್ದು ಕಾಣುತ್ತದೆ. ಚಿತ್ರಗಳು ಮಕ್ಕಳ ಸ್ಲೇಟಿನ ಗೆರೆಗಳಂತಿದ್ದವು. ಆದರೂ ಚಿತ್ರವಿರುವ ಮೊದಲ ಸಾಹಸದ ಆಟವೆಂದು ಚರಿತ್ರೆಯಲ್ಲಿ ನಿಂತದ್ದು ಅದೇ.

ಮನೆಯೇ ಏಕೆ? ಕಾಡು, ಸಮುದ್ರ, ಆಕಾಶ ಏಕಲ್ಲ? ಇದಕ್ಕೊಂದು ಲೆಕ್ಕಾಚಾರವಿದೆ. ಆ ಕಾಲದ ಕಂಪ್ಯೂಟರಿನ ನೆನಪಿನ ಶಕ್ತಿ ತೀರಾ ಸಣ್ಣದು. ಕಾಡಿಗೆ ಎಲ್ಲೆ ಇಲ್ಲ, ಮನೆಗೆ ಗೋಡೆ ಇದೆ. ಒಂದು ಸಲಕ್ಕೆ ಒಂದು ಕೋಣೆ ತೋರಿಸಿದರೆ ಸಾಕು. ಬಾಗಿಲಿಗೆ ಬೀಗ ಹಾಕಿದರೆ ಕಥೆಗೂ ಬಿಗಿ ಬಂತು, ಯಂತ್ರಕ್ಕೂ ಉಸಿರಾಡಲು ಸಮಯ ಸಿಕ್ಕಿತು. 1982ರಲ್ಲಿ ಅಟಾರಿ ಕಂಪನಿ ತಂದ ‘ಹಾಂಟೆಡ್ ಹೌಸ್’ ಆಟದಲ್ಲಿ ಆಡುವವನ ಮೈಯೇ ಕಾಣುವುದಿಲ್ಲ. ಕತ್ತಲಲ್ಲಿ ಎರಡು ಕಣ್ಣು ಮಾತ್ರ ಓಡಾಡುತ್ತವೆ, ಕಡ್ಡಿ ಗೀರಿದರೆ ಸುತ್ತ ಒಂದಿಷ್ಟು ಬೆಳಕು. ಬಡತನವನ್ನೇ ಭಯ ಮಾಡಿಕೊಂಡ ಜಾಣತನ ಅದು.

ತಾಯಿಯ ದೆವ್ವ

ಜಪಾನಿನಲ್ಲಿ ಈ ಕಥೆ ಬೇರೆ ತಿರುವು ಪಡೆಯಿತು. 1989ರ ಡಿಸೆಂಬರಿನಲ್ಲಿ ಕ್ಯಾಪ್‌ಕಾಮ್ ಸಂಸ್ಥೆ ‘ಸ್ವೀಟ್ ಹೋಮ್’ ಎಂಬ ಆಟ ತಂದಿತು. ಅದೇ ಹೆಸರಿನ ಚಲನಚಿತ್ರವನ್ನು ಆಧರಿಸಿ ಬಂದದ್ದು. ಚಿತ್ರಕಾರನೊಬ್ಬನ ಪಾಳುಬಿದ್ದ ಬಂಗಲೆಗೆ ಐದು ಮಂದಿ ಹೋಗುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿರುವುದು ಅವನ ಹೆಂಡತಿಯ ಪ್ರೇತ. ಅವಳ ಕೂಸು ಬೆಂಕಿಗೆ ಬಲಿಯಾಗಿದೆ, ಆ ಸಂಕಟದಲ್ಲಿ ಅವಳು ಮನೆಯನ್ನೇ ನರಕ ಮಾಡಿದ್ದಾಳೆ. ಅಲ್ಲಿ ಬರೀ ಆಯುಧ ಬೀಸಿ ಗೆಲ್ಲಲಾಗದು. ಕೋಣೆ ಕೋಣೆಯಲ್ಲಿ ಸಿಗುವ ಬರಹಗಳನ್ನು ಓದಿ, ಏನು ನಡೆಯಿತೆಂದು ತಿಳಿದು, ಮಗುವಿನ ಗುರುತುಗಳನ್ನು ಆ ತಾಯಿಯ ಮುಂದೆ ಇಡಬೇಕು.

ಇದೇ ಕ್ಯಾಪ್‌ಕಾಮ್ 1996ರಲ್ಲಿ ‘ರೆಸಿಡೆಂಟ್ ಈವಿಲ್’ ತಂದಿತು. ಬಾಗಿಲು ಮೆಲ್ಲಗೆ ಕಿರ್ರೆಂದು ತೆರೆಯುವ ಅದರ ದೃಶ್ಯ ಲೋಕಪ್ರಸಿದ್ಧ. ಮುಂದಿನ ಕೋಣೆ ಸಿ.ಡಿ.ಯಿಂದ ಯಂತ್ರಕ್ಕೆ ಇಳಿಯುವಷ್ಟು ಹೊತ್ತು ಆಟಗಾರನನ್ನು ತಡೆಹಿಡಿಯುವ ಉಪಾಯವದು. ಆ ನಡುವೆ 1992ರಲ್ಲಿ ಫ್ರಾನ್ಸಿನಿಂದ ‘ಅಲೋನ್ ಇನ್ ದ ಡಾರ್ಕ್’ ಬಂದಿತ್ತು. ಡೆರ್ಸೆಟೊ ಎಂಬ ಬಂಗಲೆಯ ಅಟ್ಟದಲ್ಲಿ ಆಟ ಶುರು, ಅಲ್ಲಿಂದ ಕೆಳಗಿಳಿದು ಹೊರಬೀಳಬೇಕು.

ಭಾರತದ ಮಕ್ಕಳಿಗೆ ದೆವ್ವದ ಬಂಗಲೆ ಪರಿಚಯವಾದದ್ದು ಇವುಗಳಿಂದಲ್ಲ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಕೂತ ನನ್ನ ಓರಗೆಯವರಿಗೆ ‘ಡೇಂಜರಸ್ ಡೇವ್’ ಗೊತ್ತು. ಅದರ ಎರಡನೆಯ ಭಾಗ, 1991ರದು, ‘ಇನ್ ದ ಹಾಂಟೆಡ್ ಮ್ಯಾನ್ಷನ್’. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗಿ ಊರೂರು ಸುತ್ತಿದ ಆಟ. ತಮ್ಮನನ್ನು ಬಿಡಿಸಲು ಡೇವ್ ಬಂದೂಕು ಹಿಡಿದು ಬಂಗಲೆಗೆ ನುಗ್ಗುತ್ತಾನೆ. ಅಲ್ಲಿ ಓದುವುದೇನಿಲ್ಲ, ಗುಂಡು ಹಾರಿಸುವುದೊಂದೇ. ಮೇಷ್ಟ್ರ ಹೆಜ್ಜೆ ಸಪ್ಪಳವೇ ಡೇವನ ದೆವ್ವಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು!

ಒಬ್ಬನೇ ಕಟ್ಟಿದ ಬಂಗಲೆ

ಪತ್ರ ಬರೆದ ಅಪ್ಪಾರ ಮಗ ಆಡುತ್ತಿರುವುದು ‘ಇಂಡಿ’ ಆಟ, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಒಬ್ಬಿಬ್ಬರು ಸ್ವಂತವಾಗಿ ಮಾಡಿದ್ದು. ಇದಕ್ಕೂ ಹಿರಿಯರಿದ್ದಾರೆ. 1997ರಲ್ಲಿ ಕ್ರಿಸ್ ಜೋನ್ಸ್ ಎಂಬ ಬ್ರಿಟಿಷ್ ಯುವಕ, ಸಾಹಸದ ಆಟಗಳನ್ನು ಯಾರು ಬೇಕಾದರೂ ಕಟ್ಟಬಹುದಾದ ಒಂದು ತಂತ್ರಾಂಶವನ್ನು ಬಿಟ್ಟಿಯಾಗಿ ಹಂಚಿದ. ಅದೇ ಮುಂದೆ ‘ಅಡ್ವೆಂಚರ್ ಗೇಮ್ ಸ್ಟುಡಿಯೋ’ ಎನಿಸಿತು. ಅದನ್ನು ಬಳಸಿ 2003ರಲ್ಲಿ ಬೆನ್ ಕ್ರೊಷಾ ‘ಫೈವ್ ಡೇಸ್ ಎ ಸ್ಟ್ರೇಂಜರ್’ ಮಾಡಿ, ಅದನ್ನೂ ಬಿಟ್ಟಿಯಾಗಿಯೇ ಕೊಟ್ಟ.

ಕಥೆ ಹೀಗೆ: ಟ್ರಿಲ್ಬಿ ಎಂಬ ಕಳ್ಳ ಡೆಫೊ ಎಂಬ ಮನೆತನದ ಬಂಗಲೆಗೆ ಕನ್ನ ಹಾಕುತ್ತಾನೆ. ಒಳಗೆ ಹೋಗುವುದು ಸುಲಭವಾಗುತ್ತದೆ, ಹೊರಗೆ ಬರಲಾಗುವುದಿಲ್ಲ. ಅವನಂತೆ ಸಿಕ್ಕಿಬಿದ್ದ ಇನ್ನೂ ಕೆಲವರು ಅಲ್ಲಿದ್ದಾರೆ. ಕೊನೆಗೆ ತಿಳಿಯುವುದೇನೆಂದರೆ, ಮನೆಯೊಡೆಯ ಲೋಕಕ್ಕೆ ತೋರಿಸಲು ನಾಚಿ ಬಚ್ಚಿಟ್ಟು, ಹಿಂಸಿಸಿ ಬೆಳೆಸಿದ ಮಗನೊಬ್ಬನಿದ್ದ. ದೆವ್ವವೆಂದರೆ ಆ ಮಗುವಿಗಾದ ಅನ್ಯಾಯ.

ನಮ್ಮ ದೇಶದಲ್ಲೂ 2023ರಲ್ಲಿ ‘ಕಮಲಾ’ ಎಂಬ ಆಟ ಬಂದು ಹುಡುಗರ ಬಾಯಲ್ಲಿ ಹೆಸರಾಯಿತು. 1980ರ ದಶಕದ ಒಂದು ಹಳೆಯ ಬಂಗಲೆ, ದೆವ್ವ ಹಿಡಿದ ಹೆಣ್ಣುಮಗಳು, ದೆವ್ವ ಬಿಡಿಸುವ ವಿಧಿ. ಅಂತೂ ಬಂಗಲೆ ವಿಲಾಯತಿಯಿಂದ ಊರಿಗೆ ಮರಳಿದೆ.

ಕೋಠಿಯ ಬೊಂಬೆಮನೆ

ಆಡಿ ನೋಡುವ ಮನೆ ಹೈದರಾಬಾದಿಗೆ ಹೊಸದೇನೂ ಅಲ್ಲ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಬರುವ ಕೇಳುಗರು ಕೋಠಿ ಮಹಿಳಾ ಕಾಲೇಜಿನ ಮುಂದೆ ಎಷ್ಟೋ ಸಲ ಹಾದುಹೋಗಿರಬಹುದು. ಕಾಲೇಜು ಅಲ್ಲಿಗೆ ಬಂದದ್ದು 1949ರಲ್ಲಿ. ಅದಕ್ಕೂ ಮುಂಚೆ ಅದು ಬ್ರಿಟಿಷ್ ರೆಸಿಡೆನ್ಸಿ. ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ 1803ರ ಸುಮಾರಿಗೆ ಅದನ್ನು ಕಟ್ಟಿಸತೊಡಗಿದ. ಅವನು ಮದುವೆಯಾದದ್ದು ಹೈದರಾಬಾದಿನ ಪ್ರತಿಷ್ಠಿತ ಮನೆತನದ ಖೈರುನ್ನಿಸಾಳನ್ನು. ಆಕೆ ಪರದೆಯಲ್ಲಿದ್ದವಳು. ಅರಮನೆಯ ಮುಂಭಾಗವನ್ನು ಸುತ್ತಾಡಿ ನೋಡಲು ಆಗದವಳಿಗಾಗಿ, ಜನಾನದ ತೋಟದಲ್ಲೇ ಅದರ ಸಣ್ಣ ಪ್ರತಿಕೃತಿ ಕಟ್ಟಿಸಿಕೊಟ್ಟನೆಂದು ಪ್ರತೀತಿ. ಹೋಗಲಾಗದ ಮನೆಯೊಳಗೆ ಕಣ್ಣಿನಿಂದ ನಡೆದಾಡುವುದು! ಇಂದಿನ ಹುಡುಗರು ಪರದೆಯ ಮುಂದೆ ಕೂತು ಮಾಡುವುದೂ ಅದನ್ನೇ.

ಮುಂದಿನದು ನೋವಿನ ಕಥೆ. 1805ರಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಅದೇ ವರ್ಷ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ. ಖೈರುನ್ನಿಸಾ ಮತ್ತೆ ಮಕ್ಕಳ ಮುಖ ನೋಡಲಿಲ್ಲ. 1813ರಲ್ಲಿ, ಮೂವತ್ತೂ ತುಂಬದ ವಯಸ್ಸಿನಲ್ಲಿ ಆಕೆಯೂ ಹೋದಳು. ಹಳೆಯ ಕಟ್ಟಡವೆಂದರೆ ದೆವ್ವವೆನ್ನುವುದು ನಮ್ಮ ಜನಕ್ಕೆ ಸಲೀಸು. ಅಲ್ಲಿ ಬಾಳಿ ಹೋದ ತಾಯಿಯ ಹೆಸರು ತಿಳಿದ ಮೇಲೆ ಆ ಪದ ನಾಲಿಗೆಯ ಮೇಲೆ ಬರುವುದಿಲ್ಲ.

ತೆಲುಗು ಮಾತಾಡಿದ ನಾಗವಲ್ಲಿ

ಕನ್ನಡಿಗರಿಗೆ ಬೀಗ ಹಾಕಿದ ಕೋಣೆಯೆಂದರೆ ನೆನಪಾಗುವುದು ‘ಆಪ್ತಮಿತ್ರ’. 1993ರ ಮಲಯಾಳದ ‘ಮಣಿಚಿತ್ರತ್ತಾಳ್’ ಚಿತ್ರವನ್ನು ಪಿ. ವಾಸು ಕನ್ನಡಕ್ಕೆ ತಂದರು. ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್ ನಾಯಕ, 2004ರ ಆಗಸ್ಟಿನಲ್ಲಿ ಬಿಡುಗಡೆ. ಗಂಗಾಳ ಪಾತ್ರ ಮಾಡಿದ ಸೌಂದರ್ಯ ಅದೇ ವರ್ಷ ಏಪ್ರಿಲ್ 17ರಂದು ಬೆಂಗಳೂರಿನ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಜನ ಚಿತ್ರಮಂದಿರದಲ್ಲಿ ನೋಡಿದ್ದು ಇಲ್ಲವಾದವರ ಅಭಿನಯ.

ಮಲಯಾಳದ ನಾಗವಲ್ಲಿ ತಮಿಳು ನರ್ತಕಿ. ಕನ್ನಡದ ನಾಗವಲ್ಲಿ ತೆಲುಗಿನವಳು. ಪ್ರೇತದ ಬಾಯಲ್ಲಿ ಯಾವಾಗಲೂ ಪಕ್ಕದ ನಾಡಿನ ಮಾತು! ಇದರ ಹಿಂದೆ ಕಥೆಗಾರರ ಸೂಕ್ಷ್ಮವಿದೆ. ಆ ಹೆಣ್ಣು ತನ್ನೂರು, ತನ್ನವರು, ತನ್ನ ಮಾತು ಎಲ್ಲವನ್ನೂ ಬಿಟ್ಟು ದೊರೆಯ ಮನೆಯಲ್ಲಿ ಸೆರೆಯಾದವಳು. ಅವಳ ನೋವು ಆ ಮನೆಯವರ ಭಾಷೆಯಲ್ಲಿ ಎಲ್ಲೂ ದಾಖಲಾಗಿಲ್ಲ. ಹೈದರಾಬಾದಿನಲ್ಲಿ ಹೊರಗೆ ತೆಲುಗು, ಒಳಗೆ ಕನ್ನಡ ಎಂದು ಬಾಳುವ ನಮಗೆ ಇದು ಬೇಗ ಅರ್ಥವಾಗಬೇಕು.

ವಾಡೆಗಳು ಏಕೆ ಬರಿದಾದವು

ಈಗ ಅಪ್ಪಾರ ಊರಿಗೆ ಬರೋಣ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ದೇಸಾಯರ, ದೇಶಮುಖರ, ಜಹಗೀರದಾರರ ವಾಡೆಗಳು ಬಿದ್ದುಹೋಗುತ್ತಿರುವುದನ್ನು ನೀವೆಲ್ಲ ಕಂಡಿದ್ದೀರಿ. ಪ್ರತಿಯೊಂದಕ್ಕೂ ಒಂದು ದೆವ್ವದ ಕಥೆ ಇದೆ. ಆದರೆ ಮನೆ ಬರಿದಾದ ಕಾರಣ ಬೇರೆಯೇ ಇರುತ್ತದೆ.

1947-48ರ ರಜಾಕಾರರ ಹಾವಳಿಯಲ್ಲಿ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಗಡಿಯಾಚೆಗೆ ಹೋದವು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯ ಹಿರಿಯರು ಮರೆತಿಲ್ಲ. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡಿಗೆ ಸಿಕ್ಕಿದವರು ಮುಸ್ಲಿಂ ಕುಟುಂಬಗಳು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾ ಇದ್ದವೆಂದು ಸುಂದರಲಾಲ್ ಸಮಿತಿ ದಾಖಲಿಸಿದೆ. 1949ರ ಆಗಸ್ಟ್ 15ರಂದು ಜಹಗೀರು ರದ್ದಾಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ಅಧಿಕಾರ ಹೋಯಿತು, ಆದಾಯ ಹೋಯಿತು, ಮಕ್ಕಳು ಪಟ್ಟಣ ಸೇರಿದರು. ವಾಡೆಯಲ್ಲಿ ದುಡಿದವರ ಮಕ್ಕಳೂ ಕೂಲಿ ಹುಡುಕಿ ಹೊರಟರು. ಜೀಡಿಮೆಟ್ಲಾ, ಚಿಂತಲ್, ಬಾಲಾನಗರಗಳ ಕಾರ್ಖಾನೆಗಳಲ್ಲಿ ಇಂದು ಆ ಎರಡೂ ಬಗೆಯ ಮನೆಗಳ ಮೊಮ್ಮಕ್ಕಳು ಒಂದೇ ಪಾಳಿಯಲ್ಲಿ ನಿಲ್ಲುತ್ತಾರೆ.

ಇಷ್ಟನ್ನೆಲ್ಲ ಹೇಳುವುದು ಕಷ್ಟ. ಯಾರು ಯಾರಿಗೆ ಏನು ಮಾಡಿದರೆಂದು ಹೇಳಬೇಕಾಗುತ್ತದೆ. "ಅಲ್ಲಿ ಗಾಳಿ ಅದ, ಹೋಗಬ್ಯಾಡ" ಎಂದರೆ ಮಾತು ಮುಗಿಯಿತು.

ಗಾಳಿಯ ಮಾತು ಬಂತು. ವಾಡೆಯ ಹಗೇವು ನೋಡಿರಬೇಕು, ಜೋಳ ತುಂಬಿಡುವ ನೆಲದ ಕೆಳಗಿನ ಕಣಜ. ಅದರ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದೆಂದು ಹಿರಿಯರು ಹೇಳುತ್ತಾರೆ. ಮೊದಲು ಕಂದೀಲು ಇಳಿಬಿಡಬೇಕು, ಅದು ಆರಿದರೆ ಯಾರೂ ಇಳಿಯುವಂತಿಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳು ಕೂಡ ಉಸಿರಾಡುತ್ತದೆ. ಆಮ್ಲಜನಕ ಕರಗಿ, ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಅವಸರದಲ್ಲಿ ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಇಲ್ಲಿ ‘ಗಾಳಿ ಬಡಿಯಿತು’ ಎಂಬ ಮಾತು ಅಕ್ಷರಶಃ ನಿಜ. ದೀಪ ಆರಿದ್ದನ್ನು ಕಂಡು ಹಿಂದೆ ಸರಿದವನು ಬದುಕುತ್ತಾನೆ.

ಒಳ್ಳೆಯ ದೆವ್ವದ ಆಟ ಕಲಿಸುವುದೂ ಇಷ್ಟನ್ನೇ: ಓಡಬೇಡ, ದೀಪ ಹಿಡಿ, ಕೋಣೆ ಕೋಣೆ ನೋಡು, ಸಿಕ್ಕ ಕಾಗದ ಓದು, ಇಲ್ಲಿ ಏನಾಯಿತೆಂದು ತಿಳಿ. ತಿಳಿದ ಮೇಲೆ ಬಾಗಿಲು ತಾನಾಗಿ ತೆರೆಯುತ್ತದೆ. ಆದ್ದರಿಂದ ಅಪ್ಪಾರೇ, ಹುಡುಗನನ್ನು ಬೈಯಬೇಡಿ. ಮರುದಿನ ಶಾಲೆಯಿದ್ದರೆ ಹೊತ್ತಿಗೆ ಮಲಗಿಸಿ, ಚಿಕ್ಕ ಮಕ್ಕಳು ಪಕ್ಕದಲ್ಲಿದ್ದರೆ ಆಟ ನಿಲ್ಲಿಸಿ. ಸಂಜೆ ಪಾಳಿ ಇಲ್ಲದ ದಿನ ಅವನ ಜೊತೆ ನೀವೂ ಕೂತು ನೋಡಿ.

ನಿಮ್ಮ ಪತ್ರಕ್ಕೆ ಕಾಯುತ್ತೇವೆ

ಅದೇ ಪತ್ರದ ಕೊನೆಗೆ ಹುಡುಗ ತನ್ನ ಕೈಯಾರೆ ಒಂದು ಸಾಲು ಸೇರಿಸಿದ್ದಾನೆ: ತಾನೂ ಒಂದು ಆಟ ಮಾಡಬೇಕು, ಮನೆ ನಮ್ಮ ಕಡೆಯದೇ ಇರಬೇಕು, ಕೋಣೆಗಳಿಗೆ ಏನೇನು ಹೆಸರು? ನಾನು ಕನ್ನಡ ಬಿ.ಎ. ಓದಿದವನು, ಗೊತ್ತಿದ್ದಷ್ಟು ಬರೆದು ಕಳಿಸಿದ್ದೇನೆ: ದಿಡ್ಡಿ ಬಾಗಿಲು, ಪಡಸಾಲೆ, ಬೆಳಕಿಂಡಿ, ಮಾಳಿಗೆ, ಬಾಣಂತಿ ಕೋಣೆ, ಹಗೇವು. ಬರೆಯುತ್ತ ಹೋದಂತೆ ಈ ಪದಗಳಲ್ಲಿ ಹೆಚ್ಚಿನವನ್ನು ವಾರ್ತೆಯಲ್ಲಾಗಲಿ ಹಾಡಿನ ನಡುವಿನ ಮಾತಿನಲ್ಲಾಗಲಿ ನಾನು ಒಂದು ಸಲವೂ ಉಚ್ಚರಿಸಿಲ್ಲವೆಂದು ಹೊಳೆಯಿತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅವು ಎಲ್ಲಿಂದ ಬರಬೇಕು?

ಕೇಳುಗರೇ, ನಿಮ್ಮ ಊರಿನ ವಾಡೆಯಲ್ಲಿ ಯಾವ ಕೋಣೆಗೆ ಏನೆನ್ನುತ್ತಿದ್ದರು, ಯಾವ ಬಾಗಿಲಿನಿಂದ ಯಾರು ಒಳಗೆ ಬರಬಹುದಿತ್ತು, ಯಾರು ಬರುವಂತಿರಲಿಲ್ಲ, ಕೊನೆಗೆ ಬೀಗ ಹಾಕಿದವರು ಯಾರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ. ಅಜ್ಜಿ ಇದ್ದರೆ ಇವತ್ತೇ ಕೇಳಿ. ಬಂದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ, ಒಂದು ಪ್ರತಿ ಶಾಪೂರನಗರಕ್ಕೂ ಹೋಗುತ್ತದೆ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.