ಜಪಾನಿ ವ್ಯವಹಾರ ಪದ್ಧತಿ: ಕಿರ್ಲೋಸ್ಕರ್–ಟೊಯೊಟಾ ಸಹಯೋಗ

ತಯಾರಿಕೆ ಮತ್ತು ಮಾರಾಟಗಳನ್ನು ಒಂದೇ ಸರಪಳಿಯ ಕೊಂಡಿಗಳೆಂದು ಕಾಣುವ, ಎರಡನೆಯ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳಲ್ಲಿ ಪಕ್ವಗೊಂಡ ಕ್ರಮವನ್ನು ಜಪಾನಿ ವ್ಯವಹಾರ ಪದ್ಧತಿ ಎನ್ನುತ್ತಾರೆ. ಕರ್ನಾಟಕದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನೆಲೆಯೂರಿದ್ದು ಕಿರ್ಲೋಸ್ಕರ್ ಮನೆತನದ ಮೂಲಕ.

ಪುಣೆಯ ಟಿಳಕ ರಸ್ತೆಯ ಉದ್ಯೋಗ ಭವನದಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ನೋಂದಾಯಿತ ಕಚೇರಿ ಬಹುಕಾಲ ಇದ್ದಿತಾದರೂ ಮನೆತನದ ಬೇರು ಬೆಳಗಾವಿ ಸೀಮೆಯದು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ಅಂಜಿದ್ದ ರೈತರಿಗೆ ಕಬ್ಬಿಣದ ನೇಗಿಲನ್ನು ಒಪ್ಪಿಸಲು ಅವರು ಪಟ್ಟ ಪಾಡು, ಕೊಳ್ಳುವವನ ಮನಸ್ಸನ್ನು ಅರಿಯದೆ ವ್ಯಾಪಾರವಿಲ್ಲ ಎಂಬುದನ್ನು ಟೊಯೊಟಾದ ಪರಿಚಯಕ್ಕೆ ಬಹು ಮುಂಚೆಯೇ ಆ ಮನೆತನಕ್ಕೆ ಕಲಿಸಿತ್ತು.

ಟೊಯೊಟಾದ ಮೂಲವೂ ಕಾರಲ್ಲ, ಮಗ್ಗ. ಎಳೆ ಹರಿದ ಕೂಡಲೆ ತಾನಾಗಿಯೇ ನಿಲ್ಲುವ ಮಗ್ಗವನ್ನು ಸಾಕಿಚಿ ಟೊಯೋಡ ರೂಪಿಸಿದ್ದರು. ದೋಷ ಕಂಡಲ್ಲೇ ಯಂತ್ರ ನಿಲ್ಲಬೇಕೆಂಬ ಈ ತತ್ತ್ವಕ್ಕೆ 'ಜಿದೋಕ' ಎಂದು ಹೆಸರು. ಬೇಕಾದ ಬಿಡಿಭಾಗ ಬೇಕಾದಾಗ, ಬೇಕಾದಷ್ಟೇ ಬರಬೇಕೆಂಬ ಕ್ರಮವನ್ನು ತೈಯಿಚಿ ಓನೊ ಇದಕ್ಕೆ ಜೋಡಿಸಿದರು. ಮುಂದಿನ ಹಂತದವರು ಹಿಂದಿನವರಿಗೆ ತಮ್ಮ ಅಗತ್ಯವನ್ನು ತಿಳಿಸುವ ಚೀಟಿಯೇ 'ಕಾನ್‌ಬಾನ್'. ದಿನದಿನವೂ ಮಾಡುವ ಸಣ್ಣ ಸುಧಾರಣೆ 'ಕೈಝೆನ್'. ಮಾರಾಟದ ಹೊಣೆ ಹೊತ್ತಿದ್ದ ಶೊತಾರೊ ಕಾಮಿಯ, ಮೊದಲು ಗ್ರಾಹಕನ, ಆಮೇಲೆ ಮಾರಾಟಗಾರನ, ಕೊನೆಗೆ ತಯಾರಕನ ಹಿತ ನೋಡಬೇಕೆಂಬ ಕ್ರಮ ಹಾಕಿಕೊಟ್ಟರು. ಜಿದೋಕ, ಕಾನ್‌ಬಾನ್, ಕೈಝೆನ್ ಎಂಬ ಹೆಸರುಗಳಿಗೆ ಸಿಕ್ಕಷ್ಟು ಪ್ರಚಾರ ಕಾಮಿಯ ಅವರ ಕೆಲಸಕ್ಕೆ ಸಿಗದಿರುವುದು ಅನ್ಯಾಯವೇ ಸರಿ.

ಕರ್ನಾಟಕದ ಕಥೆಯೂ ಬಟ್ಟೆಯ ಉದ್ಯಮದಿಂದಲೇ ತೊಡಗುತ್ತದೆ. ಬೆಂಗಳೂರಿನ ಬಳಿಯ ಜಿಗಣಿಯಲ್ಲಿ ನೂಲುವ ಯಂತ್ರಗಳನ್ನು ತಯಾರಿಸುವ ಕಿರ್ಲೋಸ್ಕರ್–ಟೊಯೊಟಾ ಜಂಟಿ ಕಂಪನಿ 1995ರಲ್ಲಿ ಸ್ಥಾಪನೆಯಾಯಿತು. ಲಕ್ಷ್ಮಣರಾವ್ ಅವರ ಮರಿಮೊಮ್ಮಗ ವಿಕ್ರಮ್ ಕಿರ್ಲೋಸ್ಕರ್ ಅವರ ಪಾಲುದಾರಿಕೆಯಲ್ಲಿ 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟರ್ ರೂಪುಗೊಂಡು, ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್, ಇಂಡೊನೇಷ್ಯಾದ ಕಿಜಾಂಗ್ ವಾಹನವನ್ನು ಆಧರಿಸಿದ್ದು, ದೊಡ್ಡ ಕುಟುಂಬ ಮತ್ತು ಟ್ಯಾಕ್ಸಿ ಎರಡಕ್ಕೂ ಒದಗಿತು. ಅದಕ್ಕೆ ಬೇಡಿಕೆ ಇದ್ದಾಗಲೇ ಕಂಪನಿ ತಯಾರಿಕೆ ನಿಲ್ಲಿಸಿ 2005ರಲ್ಲಿ ಇನ್ನೋವಾವನ್ನು ತಂದಿತು.

ಸಾಕಿಚಿಯ ಮಗ್ಗದ ತತ್ತ್ವವನ್ನು ಟೊಯೊಟಾ ಪದ್ಧತಿಯ ಜೋಡಣಾ ಸಾಲಿನಲ್ಲಿ ಕಣ್ಣಾರೆ ಕಾಣಬಹುದು. ಬೋಲ್ಟು ಸರಿಯಾಗಿ ಕೂರಲಿಲ್ಲವೆಂದು ಕಂಡ ಕಾರ್ಮಿಕ ತಲೆಯ ಮೇಲಿನ ಹಗ್ಗ ಎಳೆಯುತ್ತಾನೆ, 'ಆಂಡೊನ್' ಎಂಬ ಫಲಕದಲ್ಲಿ ಅವನ ಜಾಗದ ದೀಪ ಹೊತ್ತಿಕೊಳ್ಳುತ್ತದೆ, ತಂಡದ ಮುಖ್ಯಸ್ಥ ಧಾವಿಸಿ ಬರುತ್ತಾನೆ, ತೊಡಕು ಕೂಡಲೆ ಬಗೆಹರಿಯದಿದ್ದರೆ ಸಾಲೇ ನಿಲ್ಲುತ್ತದೆ. ಬಡ ಗ್ರಾಮೀಣ ಕುಟುಂಬಗಳ ಮಕ್ಕಳಿಗೆ ಈ ಬಗೆಯ ಕೌಶಲ ಕಲಿಸಲು 2007ರಲ್ಲಿ ಬಿಡದಿಯಲ್ಲೇ ವಸತಿಸಹಿತ ತರಬೇತಿ ಸಂಸ್ಥೆ ಆರಂಭವಾಯಿತು.

ಆದರೆ ಸಾಲನ್ನು ನಿಲ್ಲಿಸುವ ಅಧಿಕಾರ ಕಾರ್ಮಿಕನಿಗೆ ದೊರೆತರೂ ಸಾಲಿನ ವೇಗವನ್ನು ಗೊತ್ತುಪಡಿಸುವುದು ಆಡಳಿತದ ಕೈಯಲ್ಲೇ ಉಳಿಯಿತು. ಜಪಾನಿನಲ್ಲೂ 1950ರ ಕಾರ್ಮಿಕ ಬಿಕ್ಕಟ್ಟಿನಲ್ಲಿ ಟೊಯೊಟಾ ಮೋಟರ್‌ನ ಸಂಸ್ಥಾಪಕ ಕಿಯಿಚಿರೊ ಟೊಯೋಡ ರಾಜೀನಾಮೆ ಕೊಡಬೇಕಾಗಿತ್ತು. ಬಿಡದಿ 2006ರಲ್ಲಿ ಮುಷ್ಕರವನ್ನು ಕಂಡಿತು. 2014ರಲ್ಲಿ ವೇತನ ಮಾತುಕತೆ ಮುರಿದುಬಿದ್ದು ಬೀಗಮುದ್ರೆಯಾಯಿತು. 2020ರ ನವೆಂಬರಿನಲ್ಲಿ ಕಾರ್ಮಿಕ ಸಂಘ ಕೆಲಸದ ಹೊರೆಯ ಪ್ರಶ್ನೆಯನ್ನೇ ಮುಂದಿಟ್ಟಿತು.